ಹೊಟ್ಟೆ ತುಂಬಿದ ಮೀನುಗಳು

ಅವರ ಎಡಗೈಯ ಉಂಗುರದ ಬೆರಳ ತುದಿಯಲ್ಲಿ ಗಸಗಸೆ ಚೆಲ್ಲಿದ ಹಾಗೆ ಸೂಜಿಯ ಗುರುತುಗಳಿದ್ದವು. ಚಳಿಜ್ವರ ಬಂದವರ ರಕ್ತ ತೆಗೆದು ಪರೀಕ್ಷೆಗೆ ಒಯ್ಯುವುದು ಅವರ ಕೆಲಸ. ಯಾರಾದರೂ ಹೆದರಿದರೆ ಬೇರೊಂದು ಸೂಜಿ ತೆಗೆದು ಮೊದಲು ತಮ್ಮ ಬೆರಳನ್ನೇ ಚುಚ್ಚಿಕೊಂಡು, "ನೋಡವ್ವ, ಇಷ್ಟೇಯ" ಎನ್ನುತ್ತಿದ್ದರು. ಸರ್ಕಾರ ಕೊಟ್ಟ ಹುದ್ದೆಯ ಹೆಸರು ಏನಾದರೂ ಇರಲಿ, ಹೊಸಹೊಳಲಿನಾಚೆಯ ನಮ್ಮೂರಿಗೆ ಅವರು ಮಲೇರಿಯಾ ಮೇಷ್ಟ್ರು.

ತೊಂಬತ್ತರ ದಶಕದ ನಡುವಿನ ಮಾತು. ದೇವಲಾಪುರದ ಕಡೆಯವರಾದ ಅವರು ವಾರಕ್ಕೊಮ್ಮೆ ಪೇಟೆಯಿಂದ ಸೈಕಲ್ ತುಳಿದು ಬರುತ್ತಿದ್ದರು. ಒಂದು ಸಲ ಎಣ್ಣೆಡಬ್ಬದಲ್ಲಿ ಗಪ್ಪಿ ಮೀನು ತಂದು ನಮ್ಮ ದೇವಸ್ಥಾನದ ಕಲ್ಯಾಣಿಗೂ ಮನೆಮನೆಯ ನೀರಿನ ತೊಟ್ಟಿಗೂ ಬಿಟ್ಟರು. ಸೊಳ್ಳೆಮರಿ ತಿನ್ನುವ ಪುಟ್ಟ ಮೀನು. ಆಮೇಲೆ ಬಂದಾಗಲೆಲ್ಲ ಬಿಳಿ ಸೌಟಿನಲ್ಲಿ ನೀರು ಮೊಗೆದು, ಎಷ್ಟು ಮರಿಗಳಿವೆ ಎಂದು ನೋಡಿ ಬರೆದುಕೊಳ್ಳುವರು. ನಾನು ಆಗಷ್ಟೇ ಊರಿನ ಶಾಲೆಗೆ ಟೀಚರಾಗಿ ಸೇರಿದ್ದೆ. ಕಂಡಿದ್ದಕ್ಕೆಲ್ಲ ಪ್ರಶ್ನೆ ಕೇಳುವ ಚಾಳಿ. ಮರಿಗಳು ಮುಗಿದುಹೋದರೆ ಮೀನು ಏನು ತಿನ್ನುತ್ತದೆ ಎಂದು ಕೇಳಿದೆ.

"ಪಾಚಿ ತಿಂತದೆ. ಅದೂ ಸಾಲ್ದಿದ್ರೆ ತನ್ ಮರಿನೇ ತಿಂತದೆ. ಮೀನು ಕಮ್ಮಿ ಆಯ್ತಾ, ಸೊಳ್ಳೆ ತಿರ್ಗ ತಲೆ ಎತ್ತದೆ. ಮಧ್ಯದಲ್ಲಿ ನೀರೊಳ್ಳೆ ಹಾವು ಬಂದ್ಬುಟ್ಟು ಎಲ್ಲಾನೂ ಮೇಲೆ ಕೆಳಗೆ ಮಾಡ್ತದೆ. ಅದ್ಕೇ ಟೀಚರೇ, ನಂಗೆ ಈ ಕೆಲ್ಸ ಬೇಜಾರೇ ಆಗಕಿಲ್ಲ!"

ಆ ವರ್ಷ ನನ್ನ ಅಕ್ಕ ಹೆರಿಗೆಗೆಂದು ತವರಿಗೆ ಬಂದಳು. ಹಿಂದೆ ಎರಡು ಸಲ ಬಸಿರು ನಿಂತಿರಲಿಲ್ಲ. ದೇವಸ್ಥಾನದ ನೈವೇದ್ಯದ ಅಡುಗೆ ಮಾಡುತ್ತಿದ್ದ ಅಮ್ಮ, ಈ ಸಲವಾದರೂ ಸುಸೂತ್ರವಾಗಲಿ ಎಂದು ಕಲ್ಯಾಣಿಯ ಮೀನುಗಳಿಗೆ ನಲವತ್ತೆಂಟು ದಿನ ಪುರಿ ಹಾಕುವ ಹರಕೆ ಹೊತ್ತಳು. ಬೆಳಿಗ್ಗೆ ಮಡಿನೀರಿಗೆ ಹೋದಾಗ ಯಾರೂ ಇಲ್ಲದ ಹೊತ್ತು ನೋಡಿ ಮೊರದ ತುಂಬ ಸುರಿದು ಬರುವಳು. ಮನೆಯವರಿಗೆ ಬಿಟ್ಟರೆ ಯಾರಿಗೂ ಗೊತ್ತಿರಲಿಲ್ಲ.

ತಿಂಗಳು ಕಳೆಯುವಷ್ಟರಲ್ಲಿ ಊರಲ್ಲಿ ಸೊಳ್ಳೆ ಹೆಚ್ಚಿತು, ಮನೆಗೊಬ್ಬರಂತೆ ಚಳಿಜ್ವರ ಹಿಡಿದು ಮಲಗಿದರು. ಏಳು ತಿಂಗಳ ಬಸುರಿ ಅಕ್ಕನೂ ಗಡಗಡ ನಡುಗತೊಡಗಿದಳು. ಪೇಟೆಯ ಡಾಕ್ಟರು ಮಾತ್ರೆ ಕೊಟ್ಟು, ಮಗುವಿನ ಬಗ್ಗೆ ಈಗಲೇ ಏನೂ ಹೇಳಲಾಗದು ಎಂದರು. ಮೇಷ್ಟ್ರು ಕಲ್ಯಾಣಿಗೆ ಸೌಟು ಅದ್ದಿದರೆ ಮರಿಗಳು ಕಿಕ್ಕಿರಿದಿದ್ದವು.

"ಮೀನೇನ್ ಕಮ್ಮಿ ಇಲ್ಲ. ಆದ್ರೂ ಯಾಕಿಂಗೆ?"

ನಮ್ಮ ಜಗಲಿಯ ಮೇಲೆ ಎರಡು ಉಪ್ಪಿನಕಾಯಿ ಬಾಟಲಿಗಳನ್ನಿಟ್ಟು, ಒಂದಕ್ಕೆ ಕಲ್ಯಾಣಿಯ ಮೀನು, ಇನ್ನೊಂದಕ್ಕೆ ನಮ್ಮ ತೊಟ್ಟಿಯ ಮೀನು ಬಿಟ್ಟರು. ಎರಡಕ್ಕೂ ಹತ್ತತ್ತು ಸೊಳ್ಳೆಮರಿ. ತೊಟ್ಟಿಯ ಮೀನು ನಾವು ನೋಡುತ್ತಿದ್ದ ಹಾಗೇ ಹತ್ತನ್ನೂ ಮುಗಿಸಿತು. ಕಲ್ಯಾಣಿಯ ಮೀನು ಒಂದರ ಹತ್ತಿರ ಹೋಗಿ, ಬೇಡವೆಂದು ತಿರುಗಿತು. ಸ್ವಲ್ಪ ಹೊತ್ತಿಗೆ ಅದರ ಹಿಂದೆ ಹಿಕ್ಕೆಯ ಬಿಳೀ ಎಳೆಯೊಂದು ಇಳಿಯಿತು.

"ಇದು ಊಟ ಮಾಡ್ಕಂಡ್ ಬಂದದೆ ಟೀಚರೇ! ಯಾರೋ ದಿನಾ ಪುರಿ ಆಕ್ತಾವ್ರೆ. ತೇಲೋ ಪುರಿ ಅಡೀಲೇ ಮರಿಗಳು ಅವಿತ್ಕಂಡು ಬೆಳೀತಾವೆ!" ಮೇಷ್ಟ್ರು ಕುಣಿದಾಡುವುದೊಂದು ಬಾಕಿ.

ಬಾಗಿಲಲ್ಲಿ ನಿಂತಿದ್ದ ಅಮ್ಮನ ಮುಖ ಬಿಳಿಚಿಕೊಂಡಿತು. "ನನ್ನ ಹರಕೆನೇ ನನ್ನ ಮಗಳಿಗೆ ಮುಳುವಾಯ್ತಾ?"

ಅವರ ಉತ್ಸಾಹ ಜರ್ರನೆ ಇಳಿಯಿತು. "ನಿಮ್ ಮಗಳ್ನ ಕಚ್ಚಿದ ಸೊಳ್ಳೆ ಎಲ್ಲಿ ಉಟ್ತೋ ನಂಗೂ ಗೊತ್ತಿಲ್ಲ ಕಣವ್ವ. ಗೊತ್ತಿಲ್ದೇ ಇರೋದ್ಕೆ ಕೊರಗ್ಬೇಡಿ. ಅರಕೆ ಬುಡಬೇಡಿ, ಪುರಿನ ಗುಬ್ಬಿಗಾಕಿ."

ಅಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡು ಸ್ವಲ್ಪ ಯೋಚಿಸಿದಳು. "ಗುಬ್ಬಿ ಹೊಟ್ಟೆ ತುಂಬಿದ್ರೆ ಆಗ ಯಾವ ಹುಳ ಹೆಚ್ಚುತ್ತೋ?"

ಮೇಷ್ಟ್ರು ತೊಡೆ ತಟ್ಟಿ ನಕ್ಕರು. "ಅಯ್ಯೋ, ನಂಗೇ ಒಳೀನಿಲ್ವಲ್ಲ! ಇಸ್ಕೂಲ್ ಮಕ್ಕಳಿಗೆ ಅಂಚ್ಬುಡಿ."

ಸಂಜೆ ದೇವಸ್ಥಾನದ ಮುಂದೆ ಊರವರು ಅವರನ್ನು ತರಾಟೆಗೆ ತೆಗೆದುಕೊಂಡರು. ಪಟೇಲರ ಮಗ ಎಲ್ಲರಿಗಿಂತ ಜೋರು. "ನಿನ್ ಮೀನ್ ನಂಬ್ಕಂಡು ಊರೇ ಮಲಗ್ತಲ್ಲಯ್ಯಾ! ಕಲ್ಯಾಣಿಗೆ ಔಷ್ದಿ ಸುರ್ದು ಎಲ್ಲಾನೂ ಸಾಯ್ಸು ಅತ್ಲಾಗೆ."

ಅಮ್ಮ ಕಂಬದ ಮರೆಯಲ್ಲಿದ್ದಳು. ನಾನು ಪಕ್ಕದಲ್ಲೇ ನಿಂತಿದ್ದೆ. ಮೇಷ್ಟ್ರು ನಮ್ಮತ್ತ ನೋಡಲೂ ಇಲ್ಲ. "ಮೀನಿಂದೇನೂ ತಪ್ಪಿಲ್ಲ ಕಣ್ರಪ್ಪ. ನಾನು ಸರ್ಯಾಗಿ ನೋಡ್ಕಳ್ಳಿಲ್ಲ. ಇನ್ನದಿನೈದು ದಿನ ಬುಡಿ" ಎಂದು ಸೈಕಲ್ ಹತ್ತಿದರು. ಅಮ್ಮ ಬಾಯಿ ಬಿಡಲಿಲ್ಲ, ನಾನೂ ಬಿಡಲಿಲ್ಲ. ಅದನ್ನು ನೆನೆದರೆ ಇಂದಿಗೂ ನಾಚಿಕೆಯಾಗುತ್ತದೆ.

ಹದಿನೈದು ದಿನದಲ್ಲಿ ಸೌಟಿಗೆ ಮರಿ ಸಿಗುವುದು ಅಪರೂಪವಾಯಿತು. ಅಕ್ಕನಿಗೆ ತೂಕ ಕಡಿಮೆಯ, ಆದರೆ ಗಂಟಲು ದೊಡ್ಡದಾದ ಹೆಣ್ಣುಮಗು ಹುಟ್ಟಿತು. ಊರವರು ಮಾತ್ರ ಮೇಷ್ಟ್ರನ್ನು ಆಡಿಕೊಳ್ಳುವುದು ಬಿಡಲಿಲ್ಲ. ಬೇರೆ ಕಡೆಗೆ ವರ್ಗವಾಗುವವರೆಗೂ ಅವರು ಅದನ್ನು ನಗುತ್ತಲೇ ಕೇಳಿಸಿಕೊಂಡರು.

ಕೆಲವು ವರ್ಷಗಳಾದ ಮೇಲೆ, ಅವರ ಜಾಗಕ್ಕೆ ಬಂದಿದ್ದವರು ಮೇಷ್ಟ್ರು ತೀರಿಕೊಂಡ ಸುದ್ದಿ ತಂದರು. ಅಮ್ಮ ಒಲೆಯ ಮೇಲಿದ್ದದ್ದನ್ನು ಇಳಿಸಿ ನೆಟ್ಟಗೆ ಕಲ್ಯಾಣಿಯ ಮೆಟ್ಟಿಲಿಗೆ ಹೋದಳು. ನಾಲ್ಕಾರು ಹೆಂಗಸರಿದ್ದರು, ಪಟೇಲರ ಮಗ ಕಾಲು ತೊಳೆಯುತ್ತಿದ್ದ.

"ಆ ವರ್ಷ ಪುರಿ ಹಾಕಿ ಮೀನು ಕೆಡಿಸಿದವಳು ನಾನು" ಎಂದಳು. "ಅವರಿಗೆ ಗೊತ್ತಿತ್ತು. ಗೊತ್ತಿದ್ದೂ ತಾವು ಬೈಸಿಕೊಂಡ್ರು."

ಪಟೇಲರ ಮಗ ಹೆಗಲ ಟವೆಲು ತೆಗೆದು ಕೈಯಲ್ಲಿ ಹಿಡಿದುಕೊಂಡ.

"ಆವತ್ತೇ ಏಳಿದ್ರೆ ನಿಮ್ಗೆ ನಾವು ಬೈತಿದ್ವಾ ಅಮ್ಮಾ?"

"ಬೈತಿದ್ರಿ" ಎಂದಳು ಅಮ್ಮ.