ಮಗ್ಗದ ಗುಂಡಿಯ ಮೇಲಿನ ಟೇಶನ್

ನಾರಾಯಣಪೇಟೆಗೆ ರೈಲಿಲ್ಲ. ಆದರೆ ನಾರಾಯಣಪೇಟೆಯ ಹೆಸರಿನಲ್ಲಿ ಒಂದು ಸ್ಟೇಷನ್ ಇದೆ. ಅದು ಇರುವುದು ಗಡಿಯಾಚೆ, ಕರ್ನಾಟಕದ ಸೈದಾಪುರದಲ್ಲಿ. ಬೋರ್ಡಿನ ಮೇಲೆ 'ನಾರಾಯಣಪೇಟ ರೋಡ್' ಎಂದು ದಪ್ಪಗೆ ಬರೆದಿದ್ದಾರೆ, ಆ ರೋಡು ಎಷ್ಟು ಉದ್ದ ಎಂಬುದನ್ನು ಮಾತ್ರ ಬರೆದಿಲ್ಲ. ಹೊಸಬರು ಇಳಿದು, ಊರೆಲ್ಲಿ ಎಂದು ಕೇಳಿ, ಪೆಚ್ಚು ಮುಖ ಹಾಕಿಕೊಂಡು ಬಸ್ಸು ಹುಡುಕುತ್ತಾರೆ.

ಜಂಬಪ್ಪನಿಗೆ ಈ ಅನ್ಯಾಯ ಚಿಕ್ಕಂದಿನಿಂದಲೂ ಗೊತ್ತು. ಅಪ್ಪ ನೇಯ್ದ ಸೀರೆಗಳ ಗಂಟನ್ನು ಪಾರ್ಸೆಲ್ ಹಾಕಲು ಅಪ್ಪನ ಹಿಂದೆ ಅವನೂ ಹೋಗುತ್ತಿದ್ದ. ಗಂಟು ರೈಲು ಹತ್ತುತ್ತಿತ್ತು, ಇವನು ಬಸ್ಸು ಹತ್ತಿ ಮನೆಗೆ ಬರುತ್ತಿದ್ದ. ಈಗ ಅವನಿಗೆ ಐವತ್ತೊಂಬತ್ತು. ಪಕ್ಕದ ಮಕ್ತಲ್‌ಗೂ ಹಳಿ ಬಂತು, ಮಗಳು ಉಮಾಶ್ರೀಯನ್ನು ಕೊಟ್ಟ ಗದ್ವಾಲದಲ್ಲಂತೂ ರೈಲು ಹಗಲೆಲ್ಲ ಕೂಗುತ್ತದೆ. ಜಂಬಪ್ಪನ ಊರಿನ ರೈಲು ಮಾತ್ರ ಇನ್ನೂ ಪರವೂರಿನಲ್ಲೇ ನಿಲ್ಲುತ್ತದೆ.

ನೇಕಾರರ ಪೈಕಿ ಜಂಬಪ್ಪನಿಗೆ ಒಂದು ವಿಶೇಷ ಹೆಸರಿತ್ತು. ಅವನು ಸೆರಗಿನಲ್ಲಿ ಅಕ್ಷರ ನೇಯುವವ. ಮದುಮಗಳ ಹೆಸರು, ಬೀಗರ ಮನೆತನದ ಹೆಸರು, ಏನು ಕೇಳಿದರೂ ಜರಿಯಲ್ಲಿ ಬರೆದು ಕೊಡುತ್ತಿದ್ದ. ಇದು ಹೇಳಿದಷ್ಟು ಸುಲಭವಲ್ಲ. ಅವನ ಮಗ್ಗದಲ್ಲಿ ಬಟ್ಟೆಯ ಮುಖ ಕೆಳಗಿರುತ್ತದೆ, ನೇಯುವವನ ಕಣ್ಣಿಗೆ ಬೀಳುವುದು ಬೆನ್ನು. ಅಕ್ಷರವನ್ನು ಮೇಲೆ ಉಲ್ಟಾ ನೇಯ್ದರೆ ಕೆಳಗೆ ಸರಿ ಬರುತ್ತದೆ. ಜಂಬಪ್ಪ ಮೂವತ್ತೆಂಟು ವರ್ಷ ಹಾಗೆ ನೇಯ್ದ. ಒಂದು ಕೊಂಬು, ಒಂದು ದೀರ್ಘ ತಪ್ಪಿದ್ದಿಲ್ಲ. ತಪ್ಪಿದ್ದಿಲ್ಲ ಎಂಬುದನ್ನು ಅವನು ಕೇಳಿದವರಿಗೂ ಹೇಳುತ್ತಿದ್ದ, ಕೇಳದವರಿಗೂ ಹೇಳುತ್ತಿದ್ದ.

ಮೊಣಕಾಲು ಹೋದ ಮೇಲೆ ಗುಂಡಿ ಮಗ್ಗಕ್ಕೆ ಇಳಿಯುವುದು ನಿಂತಿತು. ಮಗ್ಗ ಬಿಚ್ಚಿ ಮೂಲೆಗೆ ಒರಗಿಸಿದ. ನೆಲದಲ್ಲಿ ಕಾಲು ಇಳಿಬಿಡುತ್ತಿದ್ದ ಗುಂಡಿಯೊಂದು ಹಾಗೇ ಉಳಿಯಿತು. ಅದರ ಮೇಲೆ ರೈಲು ಬಂದದ್ದು ಮೊಗುಲಪ್ಪನಿಂದ.

ಮೊಗುಲಪ್ಪ ಅದೇ ಓಣಿಯವನು, ಜಂಬಪ್ಪನಿಗಿಂತ ನಾಲ್ಕು ವರ್ಷ ದೊಡ್ಡವನು. ಇಪ್ಪತ್ತೆಂಟು ವರ್ಷ ಸೈದಾಪುರದ ಅದೇ ಸ್ಟೇಷನ್ನಿನಲ್ಲಿ ಕಾಂಟೇವಾಲ, ಅಂದರೆ ರೈಲನ್ನು ಒಂದು ಹಳಿಯಿಂದ ಇನ್ನೊಂದಕ್ಕೆ ತಿರುಗಿಸುವ ಕಾಂಟೆ ನೋಡಿಕೊಳ್ಳುವ ಆಳು. ರಿಟೈರಾಗಿ ಊರಿಗೆ ಬಂದ ಮೇಲೆ ಕಣ್ಣಿನ ನರ ಒಣಗಿ, ಎರಡು ವರ್ಷದ ಹಿಂದೆ ಎರಡೂ ಕಣ್ಣು ಹೋದವು. ಅಂದಿನಿಂದ ಅವನು ಹೊಸ್ತಿಲು ದಾಟಲಿಲ್ಲ. ಗೋಡೆಗೆ ಮುಖ ಮಾಡಿ ಕೂರುವುದು, ಕೊಟ್ಟರೆ ತಿನ್ನುವುದು, ಅಷ್ಟೇ. ಜೊತೆಗೆ ಒಂದು ಮಾತು ಅವನಿಗೆ ಆಗದಾಯಿತು. ಅದು 'ನೋಡು'. ಯಾರಾದರೂ ಬಾಯಿತಪ್ಪಿ ಅಂದರೆ, "ನೋಡಾಕ ನನಗೇನೈತಿ ಕಣ್ಣು" ಎಂದು ಆ ದಿನವೆಲ್ಲ ಮಾತು ಬಿಡುತ್ತಿದ್ದ.

ಕನ್ನಡದಲ್ಲಿ 'ನೋಡು' ಇಲ್ಲದೆ ಮಾತಾಡುವುದು ಎಷ್ಟು ಕಷ್ಟ ಎಂಬುದು ಅದನ್ನು ಬಿಡಲು ಹೊರಟವರಿಗೇ ಗೊತ್ತು. ತಿಂದು ನೋಡು, ಕೇಳಿ ನೋಡು, ಮುಟ್ಟಿ ನೋಡು. ತೆಲುಗಿಗೆ ಹಾರಿದರೆ ಅಲ್ಲೂ 'ಚೂಡು' ಕಾದು ಕೂತಿರುತ್ತದೆ. ಮೊಗುಲಪ್ಪನ ಹೆಂಡತಿ ಹುಸೇನಮ್ಮ, ಸಾರು ಬಡಿಸಿ "ಉಪ್ಪು ಸರಿ ಐತೇನು ನೋ..." ಎಂದು ಅರ್ಧಕ್ಕೇ ನುಂಗಿ, "ಹೇಳ್ರಿ" ಎಂದು ಮುಗಿಸುವುದನ್ನು ಜಂಬಪ್ಪ ಎಷ್ಟೋ ಸಲ ಕೇಳಿದ್ದ. ಕೇಳಿದಾಗಲೆಲ್ಲ ಅವನಿಗೆ ಸಂಕಟವಾಗುತ್ತಿತ್ತು.

ಒಂದು ದಿನ ಮೊಗುಲಪ್ಪ ಗೋಡೆಗೇ ಹೇಳುವಂತೆ ಹೇಳಿದ: "ಮನಿ ದಿಕ್ಕು ತಪ್ಪತೈತಿ ಜಂಬಣ್ಣ. ಟೇಶನ್ ಮಾತ್ರ ತಪ್ಪಂಗಿಲ್ಲ. ಅಲ್ಲಿ ಬಿಟ್ರ ಈಗೂ ಒಬ್ಬನ ತಿರುಗಾಡ್ತೀನಿ."

ಜಂಬಪ್ಪ ಮನೆಗೆ ಬಂದು ಗುಂಡಿಯ ಮುಂದೆ ಕೂತ. ಗೆಳೆಯನನ್ನು ಟೇಶನ್ನಿಗೆ ಕರೆದೊಯ್ಯಲಾಗದು, ಅವನು ಹೊಸ್ತಿಲನ್ನೇ ದಾಟುವುದಿಲ್ಲ. ಟೇಶನ್ನನ್ನೇ ಓಣಿಗೆ ತಂದರಾಯಿತು. ಬೆರಳಿನಲ್ಲಿ ತಿರುಗಾಡಲಿ.

ಮರುದಿನವೇ ಸೈದಾಪುರಕ್ಕೆ ಹೊರಟ. ಕೈಯಲ್ಲಿ ಸೀರೆ ಅಂಚಿನ ನಕ್ಷೆ ಬರೆಯುವ ಚೌಕುಳಿ ಕಾಗದ. ಒಂದು ಹೆಜ್ಜೆಗೆ ಒಂದು ಚೌಕ. ಪ್ಲಾಟ್‌ಫಾರಂ, ನೀರಿನ ಟ್ಯಾಂಕು, ಬೇವಿನ ಮರ, ರಾಯಚೂರು ಕಡೆಯ ಕಾಂಟೆ, ಎಲ್ಲವನ್ನೂ ಹೆಜ್ಜೆ ಎಣಿಸಿ ಬರೆದುಕೊಂಡ. ಪೊಲೀಸನೊಬ್ಬ ಬಂದು ಏನು ಮಾಡ್ತಿದ್ದೀರಿ ಎಂದು ಗದರಿಸಿದಾಗ, "ಅಂಚಿನ ಡಿಸೈನ್ ರೀ" ಎಂದ. ಪೊಲೀಸನಿಗೆ ಏನು ಅರ್ಥವಾಯಿತೋ, ಸುಮ್ಮನೆ ಹೋದ.

ಗುಂಡಿಯ ಮೇಲೆ ಮಂಚದುದ್ದದ ತೆಳು ಹಲಗೆ ಹಾಸಿದ. ಮಕ್ತಲ್‌ನ ಸೈಕಲ್ ಅಂಗಡಿಯಿಂದ ತಂದ ಹಳೇ ಕಡ್ಡಿಗಳು ಹಳಿಯಾದವು. ಸ್ಲೀಪರಿಗೆ ಹುಡುಕಾಟವೇ ಬೇಕಾಗಲಿಲ್ಲ. ಎಳೆಗಳನ್ನು ಬಿಡಿಬಿಡಿಯಾಗಿ ಹಿಡಿಯುವ ಹಳೇ ಹಣಿಗೆಯ ಬಿದಿರು ಕಡ್ಡಿಗಳೆಲ್ಲ ಒಂದೇ ಅಳತೆಯವು. ನೂಲು ಹೊತ್ತು ಅತ್ತಿಂದಿತ್ತ ಓಡುತ್ತಿದ್ದ ಆರು ಲಾಳಿಗಳಿಗೆ ಚಕ್ರ ಬಂದು ಬೋಗಿಯಾದವು. ಅವುಗಳ ಮಟ್ಟಿಗೆ ಕೆಲಸವೇನೂ ಬದಲಾಗಲಿಲ್ಲ. ಉಮಾಶ್ರೀ ಗದ್ವಾಲದಿಂದ ಆಟದ ಕಾರಿನ ಮೋಟಾರೊಂದನ್ನು ಕಳಿಸಿದಳು, ಅದು ಇಂಜಿನಿನ ಹೊಟ್ಟೆ ಸೇರಿತು. ಹಳಿ, ಟ್ಯಾಂಕು, ಸಿಗ್ನಲ್ಲು, ಮರ, ಎಲ್ಲಕ್ಕೂ ಮೊಳೆ. ಮೊಳೆಗಳ ತುದಿ ಹಲಗೆಯಡಿಗೆ ಮುಳ್ಳಿನಂತೆ ಹೊರಬಿದ್ದವು.

"ಕಸ ಹೊಡಿಯಾಕ ಕೈ ಹಾಕಿದ್ರ ಗೀರತಾವ. ತುದಿ ಮಡಚಾಕ ಏನ್ ರೋಗ ನಿನಗ" ಎಂದು ಹೆಂಡತಿ ಈಶ್ವರಿ ಬಯ್ದಳು.

"ಕೆಳಗ ಯಾರ್ ನೋಡ್ತಾರ" ಎಂದ ಜಂಬಪ್ಪ.

ಬಯ್ದರೂ ಸ್ಟೇಷನ್ನಿನ ಬೋರ್ಡನ್ನು ಬರೆದವಳು ಅವಳೇ. ಅವಳ ಅಕ್ಷರ ಗುಂಡಗೆ, ಚೆಂದ. ಹನ್ನೊಂದು ತಿಂಗಳಿಗೆ ಲಾಳಿಯ ರೈಲು ಓಡಿತು. ಓಣಿಯವರೆಲ್ಲ ಬಂದು ನೋಡಿದರು. ಸೈದಾಪುರದಲ್ಲಿ ಹುಟ್ಟಿ ಬೆಳೆದ ಒಬ್ಬಾಕೆಯೂ ಬಂದು, "ಥೇಟ್ ನಮ್ಮ ಟೇಶನ್" ಎಂದು ಕೆನ್ನೆ ಮೇಲೆ ಕೈಯಿಟ್ಟಳು. ಜಂಬಪ್ಪ ಉಬ್ಬಿದ.

ಇನ್ನು ಮೊಗುಲಪ್ಪ ಬರಬೇಕಿತ್ತು. ಜಂಬಪ್ಪ ಎರಡು ಸಲ ಕರೆದ, ಅವನು ಎರಡು ಸಲವೂ ಬರಲಿಲ್ಲ. ಮೂರನೆಯ ಸಲ ಜಂಬಪ್ಪ ಕರೆಯುವ ಬದಲು, ತಂತಿ ಬಗ್ಗಿಸಿ ಮಾಡಿದ ಬೆರಳುದ್ದದ ಕಾಂಟೆಯ ಲಿವರನ್ನು ಅವನ ಅಂಗೈಯಲ್ಲಿಟ್ಟ. ಮೊಗುಲಪ್ಪ ಹೆಬ್ಬೆರಳಿನಿಂದ ಅದನ್ನು ಒತ್ತಿದ. ಟಕ್ ಎಂದು ಸರಿಯಿತು. ಇನ್ನೊಮ್ಮೆ ಒತ್ತಿದ.

"ಇದು ಯಾವ ಕಡೇದು?"

"ರಾಯಚೂರು ಕಡೇದು."

ಮೊಗುಲಪ್ಪ ಗೋಡೆ ಹಿಡಿದು ಎದ್ದ. ಹುಸೇನಮ್ಮ ಕೋಲು ಹುಡುಕುವಷ್ಟರಲ್ಲಿ ಅವನು ಜಂಬಪ್ಪನ ಹೆಗಲ ಮೇಲೆ ಕೈಯಿಟ್ಟಾಗಿತ್ತು. ಎರಡು ವರ್ಷದ ನಂತರ ಅವನು ಬಿಸಿಲಿಗೆ ಬಂದ, ಹಿಂದೆಯೇ ಹುಸೇನಮ್ಮ.

ಸ್ಟೇಷನ್ನಿನ ಕಟ್ಟಡ ಹೊಟ್ಟೆಗೆ ತಾಗುವಂತೆ ಜಂಬಪ್ಪ ಅವನನ್ನು ಹಲಗೆಯ ಮುಂದೆ ಕೂರಿಸಿದ. ಮೊಗುಲಪ್ಪನ ಬೆರಳು ಮೊದಲು ಚಾವಣಿಯನ್ನು ಸವರಿತು, ಪ್ಲಾಟ್‌ಫಾರಮ್ಮಿನ ಅಂಚಿಗೆ ಇಳಿಯಿತು, ಹಳಿ ಹಿಡಿಯಿತು. ಅವನ ಮುಖ ಸಡಿಲವಾಯಿತು. ಎಡಗೈ ಅವಸರದಿಂದ ಎಡಕ್ಕೆ ಹೋಯಿತು. ಇಪ್ಪತ್ತೆಂಟು ವರ್ಷ ನಿಂತ ಜಾಗ ಅದು, ರಾಯಚೂರು ಕಡೆಯ ಕಾಂಟೆ.

ಅಲ್ಲಿ ಕಾಂಟೆ ಇರಲಿಲ್ಲ. ನೀರಿನ ಟ್ಯಾಂಕಿತ್ತು.

ಬೆರಳು ಹಿಂದೆ ಬಂತು, ಮತ್ತೆ ಹೋಯಿತು. ಬೇವಿನ ಮರ ಸಿಗಬೇಕಾದಲ್ಲಿ ಸಿಗ್ನಲ್ಲು ಸಿಕ್ಕಿತು. ಮೊಗುಲಪ್ಪ ಎರಡೂ ಕೈಗಳನ್ನು ಎತ್ತಿ ಮಡಿಲಿಗೆ ತಂದುಕೊಂಡ.

"ಮರತುಹೋಗೈತಿ" ಎಂದ. "ಕಣ್ಣು ಹೋತು, ಈಗ ತಲೀನೂ ಹೋತು. ಹುಸೇನಿ, ಮನೀಗೆ ಕರಕೊಂಡು ಹೋಗು."

ಜಂಬಪ್ಪ ಹಲಗೆಯನ್ನು ನೋಡಿದ. ಅದರಲ್ಲಿ ಏನೂ ತಪ್ಪಿಲ್ಲ ಅನ್ನಿಸಿತು. ಗೋಡೆಯ ಗೂಡಿನಿಂದ ಚೌಕುಳಿ ಕಾಗದ ತೆಗೆದ. ಕಾಗದದಲ್ಲಿ ರಾಯಚೂರು ಎಡಕ್ಕಿತ್ತು, ಹಲಗೆಯ ಮೇಲೆ ಬಲಕ್ಕಿತ್ತು. ಗೂಡಿನಲ್ಲೇ ಒಂದು ಕೈಗನ್ನಡಿ ಇತ್ತು, ಮಗ್ಗದ ಕೆಳಗೆ ಹಿಡಿದು ಸೆರಗಿನ ಅಕ್ಷರ ಪರೀಕ್ಷಿಸುವ ಕನ್ನಡಿ. ಅದನ್ನು ಹಲಗೆಗೆ ಹಿಡಿದ. ಕನ್ನಡಿಯೊಳಗೆ ಟೇಶನ್ ಸರಿಯಾಗಿ ನಿಂತಿತ್ತು, ಈಶ್ವರಿ ಬರೆದ ಬೋರ್ಡೊಂದು ಮಾತ್ರ ತಿರುವುಮುರುವು. ನಕ್ಷೆಯ ಕಾಗದ ಎದುರಿಗಿಟ್ಟುಕೊಂಡ ಕೂಡಲೇ ಅವನ ಕೈ ಮೂವತ್ತೆಂಟು ವರ್ಷದ ರೂಢಿಯಂತೆ ಎಡವನ್ನು ಬಲ ಮಾಡಿ, ಬಲವನ್ನು ಎಡ ಮಾಡಿ, ಇಡೀ ಟೇಶನ್ನನ್ನು ಮುಖ ಕೆಳಗಾಗಿಯೇ ನೇಯ್ದುಬಿಟ್ಟಿತ್ತು. ನೋಡಲು ಬಂದ ಇಷ್ಟು ಜನ ಕಣ್ಣಿದ್ದವರಲ್ಲಿ ಒಬ್ಬರಿಗೂ ಅದು ಕಂಡಿರಲಿಲ್ಲ. ಜಂಬಪ್ಪನಿಗೆ ನಾಚಿಕೆಯಿಂದ ಕಿವಿ ಬಿಸಿಯಾಯಿತು.

"ತಪ್ಪು ನಿಂದಲ್ಲ, ನಂದು" ಎಂದ. "ಉಲ್ಟಾ ಕಟ್ಟೀನಿ."

"ಸಮಾಧಾನ ಮಾಡಾಕ ಸುಳ್ಳು ಹೇಳಬ್ಯಾಡ. ನೀ ಯಾವತ್ತು ಉಲ್ಟಾ ಮಾಡೀ? ಊರೆಲ್ಲ ಹೇಳಿಕೊಂಡು ತಿರುಗಾಡ್ತಿದ್ದೆಲ್ಲ." ಮೊಗುಲಪ್ಪ ಏಳಲು ಮೊಣಕಾಲಿಗೆ ಕೈಯೂರಿದ್ದ.

ಅವನು ಈಗ ಆ ಗೋಡೆಗೆ ಹೋಗಿ ಕೂತರೆ ಇನ್ನು ಏಳುವುದಿಲ್ಲ ಎಂದು ಜಂಬಪ್ಪನಿಗೆ ಖಾತ್ರಿಯಾಯಿತು. ಕಾಗದ ತೋರಿಸುವಂತಿಲ್ಲ, ಕನ್ನಡಿ ತೋರಿಸುವಂತಿಲ್ಲ. ಅವನು ಲಾಳಿಯ ರೈಲನ್ನು ಹಳಿಯಿಂದೆತ್ತಿ ಗೂಡಿನಲ್ಲಿಟ್ಟ.

"ಈಶ್ವರಿ, ಆ ತುದಿ ಹಿಡಿ. ಮಗುಚೋಣು."

"ಎಲ್ಲಾ ಮುರೀತಾವ."

"ಮುರೀಲಿ."

ಈಶ್ವರಿ ಬಂದು ತುದಿ ಹಿಡಿದಳು. ಇಬ್ಬರೂ ಸೇರಿ ಹಲಗೆಯನ್ನು ಎತ್ತಿ ಮಗುಚಿ ಹಾಕಿದರು. ಬೇವಿನ ಮರ ಮುರಿದದ್ದು ಕೇಳಿಸಿತು, ಚಾವಣಿ ಕುಸಿದದ್ದು ಕೇಳಿಸಿತು, ಸಿಗ್ನಲ್ಲು ಪಟ್ಟೆಂದಿತು. ಹನ್ನೊಂದು ತಿಂಗಳ ಕೆಲಸ ನೆಲಕ್ಕೆ ಮುಖ ಕೊಟ್ಟು ಮಲಗಿತು. ಜಂಬಪ್ಪ ಗೆಳೆಯನ ಕೈಹಿಡಿದು ಹಲಗೆಯ ಆಚೆ ಬದಿಗೆ ತಂದು ಕೂರಿಸಿದ.

"ಮೊಳಿ ತುದಿ ಅದಾವ, ಮೆಲ್ಲಗ" ಎಂದ. "ಮುಟ್ಟಿ ನೋಡು."

ಮಾತು ಬಾಯಿಂದ ಜಾರಿಹೋಗಿತ್ತು. ಹುಸೇನಮ್ಮ ಉಸಿರು ಹಿಡಿದಳು. ಮೊಗುಲಪ್ಪ ಕೇಳಿಸಿಕೊಂಡನೋ ಇಲ್ಲವೋ, ಒಂದು ಬೆರಳನ್ನು ಮುಂದೆ ಚಾಚಿದ.

ಮೊಳೆಗಳ ಸಾಲು ಸಿಕ್ಕಿತು. ಬೆರಳು ಅದರ ಗುಂಟ ಎಡಕ್ಕೆ ನಡೆಯಿತು, ಒಂದೊಂದೇ ಮೊಳೆ ದಾಟುತ್ತ. ಒಂದು ಕಡೆ ಸಾಲು ಎರಡಾಗಿ ಒಡೆಯಿತು. ಬೆರಳು ಅಲ್ಲೇ ನಿಂತಿತು.

"ಕಾಂಟೆ" ಎಂದ ಮೊಗುಲಪ್ಪ.

ಬೆರಳು ಇನ್ನಷ್ಟು ಆಚೆ ಹೋಯಿತು. "ಈ ದಪ್ಪ ಮೊಳಿ ಬೇವಿನ ಗಿಡ. ಇದರ ನೆರಳಾಗ ಬುತ್ತಿ ಡಬ್ಬಿ ಬಿಚ್ಚತಿದ್ದೆ." ಕೈ ಬಲಕ್ಕೆ ಬಂತು. "ಇದು ಲೂಪ್ ಲೈನು, ಗೂಡ್ಸ್ ಗಾಡಿ ನಿಲ್ಲಸೂದು. ನಾಕು ಮೊಳಿ, ಟ್ಯಾಂಕು. ಸರಿ ಐತಿ. ಎಲ್ಲಾ ಎಲ್ಲಿತ್ತೋ ಅಲ್ಲೇ ಐತಿ." "ನನಗ ಎಲ್ಲಾ ನೆನಪೈತಿ ಹುಸೇನಿ."

ಹುಸೇನಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡಳು. ಜಂಬಪ್ಪನಿಗೂ ಒರೆಸಿಕೊಳ್ಳುವುದಿತ್ತು, ಕೈಯೆಲ್ಲ ಧೂಳಾಗಿತ್ತು.

ಬೆರಳು ಕಾಂಟೆಗೆ ಮರಳಿ ಮೊಳೆ ಎಣಿಸಿತು, ಮೊಗುಲಪ್ಪನ ಮುಖದಲ್ಲಿ ಸಿಟ್ಟು ಕಾಣಿಸಿತು. ಸಿಟ್ಟು ಬಂದರೆ ಅವನಿಗೆ ತೆಲುಗು ಬರುತ್ತಿತ್ತು. "ಏಮಿರಾ ಇದಿ" ಎಂದು ಶುರುಮಾಡಿ, "ಏನೋ ಇದು" ಎಂದು ಕನ್ನಡಕ್ಕೆ ಇಳಿದ. "ಕಾಂಟೆ ಇಲ್ಲಿಗೆ ಬರಂಗಿಲ್ಲ, ಇನ್ನ ಹನ್ನೆರಡು ಹೆಜ್ಜಿ ಮುಂದ. ರಾಯಚೂರು ಗಾಡಿ ಇಲ್ಲಿ ತಿರುಗಿದ್ರ ಸೀದಾ ಗೂಡಂಗಡಿಗೆ ಹೊಕ್ಕತೈತಿ. ನನ್ನ ಕೇಳದ ಯಾಕ ಕಟ್ಟೀ?"

"ನಿನಗ ಗೊತ್ತಾಗದಂಗ ಮಾಡಬೇಕಂತಿದ್ದೆ" ಎಂದ ಜಂಬಪ್ಪ.

"ಗೊತ್ತಾಗದಂಗ ಮಾಡಿದ್ದಕ್ಕ ಹಿಂಗಾಗೈತಿ. ಎಲ್ಲಾ ಕಿತ್ತು ತೆಗಿ. ಮೊದಲು ಕಾಂಟೆ ಕೂಡಿಸು, ಆಮ್ಯಾಗ ಉಳಿದದ್ದು."

ಅವನು ಎದ್ದು ನಿಂತ. ಬಾಗಿಲ ಬಳಿ ಹುಸೇನಮ್ಮ ಚಪ್ಪಲಿಯನ್ನು ಅವನ ಕಾಲ ಬಳಿ ಸರಿಸಿದಳು. ಮೊಗುಲಪ್ಪ ಒಂದು ಕಾಲು ಹಾಕಿಕೊಂಡು ತಿರುಗಿದ.

"ಮುಂಜಾನೆ ಏಳಕ್ಕ ಡ್ಯೂಟಿಗೆ ಬರ್ತೀನಿ, ಡಬ್ಬಿ ಕಟ್ಟಿಸಿಕೊಂಡು. ಕಾಂಟೆ ಕೂಡಿಸಿಡು" ಎಂದ. "ಸರಿ ಕುಂತೈತೋ ಇಲ್ಲೋ, ಬಂದು ನೋಡ್ತೀನಿ."

ಹುಸೇನಮ್ಮನ ಕೈ ಇನ್ನೊಂದು ಚಪ್ಪಲಿಯ ಮೇಲೆ ಹಾಗೇ ನಿಂತಿತು. ಜಂಬಪ್ಪ ಇಕ್ಕಳ ತೆಗೆದುಕೊಂಡು, ಹಲಗೆಯ ಮುಂದೆ ಕೂತು, ಮೊದಲ ಮೊಳೆಯನ್ನು ಕೀಳಲು ಶುರುಮಾಡಿದ.