ಕಿರುಬಿದಿರಿನ ವರ್ಷದವಳು

ಮೊನ್ನೆ ಸೊಸೆ ಸಾಗರದ ಪೇಟೆಯಿಂದ ಬಿದಿರಕ್ಕಿ ತಂದಿದ್ದಳು. ಶುಗರಿಗೆ ಒಳ್ಳೆಯದಂತೆ! ಗಂಜಿ ಕುದಿದು ಆ ಹಸಿ ಹುಲ್ಲಿನಂಥ ಘಮ ಅಡುಗೆಮನೆ ತುಂಬಿತೋ ಇಲ್ಲವೋ, ನನಗೆ ಸೂಲಗಿತ್ತಿ ಅಜ್ಜಿಯ ನೆನಪಾಯಿತು. ಎದ್ದು ಹೊರಗೆ ಬಂದೆ. ಸೊಸೆಗೆ ಎಲ್ಲಿಂದ ಶುರು ಮಾಡಿ ಹೇಳುವುದು…

ಆಗೆಲ್ಲ ನಮ್ಮ ಕಡೆ ಮಗು ಹುಟ್ಟಿದರೆ ಯಾರೂ ಬರೆದಿಡುತ್ತಿರಲಿಲ್ಲ. ಎಲ್ಲರ ಹುಟ್ಟೂ ಅಜ್ಜಿಯ ಬಾಯಲ್ಲಿತ್ತು. ಒಬ್ಬ ಹೊಳೆ ದಾಟುವ ಸಂಕ ಕೊಚ್ಚಿಹೋದ ವರ್ಷದವನು, ಇನ್ನೊಬ್ಬಳು ಹುಲಿ ಕೊಟ್ಟಿಗೆಗೆ ನುಗ್ಗಿದ ವರ್ಷದವಳು. ಶಾಲೆಗೆ ಸೇರಿಸುವವರು, ಹೆಣ್ಣು ನೋಡುವವರು ಎಲ್ಲರೂ ಅವಳನ್ನೇ ಕೇಳಬೇಕು. ಅವಳು ಎಲೆಯಡಿಕೆಯ ಕವಳ ಅಗಿಯುತ್ತ ಒಂದು ಗಳಿಗೆ ಕಣ್ಣು ಮುಚ್ಚಿ ವರ್ಷ ಹೇಳಿಬಿಟ್ಟರೆ ಮುಗಿಯಿತು, ಎದುರು ಮಾತಿಲ್ಲ.

ನಾನು ಕಿರುಬಿದಿರು ಹೂ ಬಿಟ್ಟ ವರ್ಷದವಳು. ಬಿದಿರು ಹೂ ಬಿಡುವುದು ತಲೆಮಾರಿಗೊಮ್ಮೆ, ಬಿಟ್ಟರೆ ಅಕ್ಕಿ ಉದುರಿಸಿ ಒಣಗಿ ಸಾಯುತ್ತದೆ. ಹೆಬ್ಬಿದಿರು ಅದಕ್ಕೂ ಮೂರು ವರ್ಷ ಮೊದಲೇ ಹೂ ಬಿಟ್ಟು ಒಣಗಿತ್ತಂತೆ. ಕಿರುಬಿದಿರಿನ ಅಕ್ಕಿಯಲ್ಲಿ ಗಂಜಿ ಕಾಸಿ ಬಾಣಂತಿ ಅವ್ವನಿಗೆ ಕುಡಿಸಿದವಳು ಅಜ್ಜಿಯೇ. ನನ್ನನ್ನು ಕಂಡಾಗಲೆಲ್ಲ ಕೆನ್ನೆ ಹಿಂಡಿ, "ಏನೇ ಕಿರುಬಿದಿರೇ, ಉಂಡ್ಯಾ?" ಎನ್ನುತ್ತಿದ್ದಳು. ಅಪ್ಪ ಅವ್ವ ಇಬ್ಬರೂ ಜ್ವರದಲ್ಲಿ ಹೋದ ಮೇಲೆ ನಾನು ಉಂಡೆನೋ ಬಿಟ್ಟೆನೋ ಎಂದು ಕೇಳುವವಳು ಅವಳೊಬ್ಬಳೇ.

ಲಿಂಗನಮಕ್ಕಿ ಅಣೆಕಟ್ಟಿನ ನೀರು ಏರಿ ಹೊನ್ನೆಮರಡು ಕಡೆಯ ನಮ್ಮೂರು ಮುಳುಗಿತು. ಊರವರು ದಿಕ್ಕಿಗೊಬ್ಬರಾದರು. ದೊಡ್ಡಪ್ಪ ನಮ್ಮನ್ನು ನಿಟ್ಟೂರಿನ ಹತ್ತಿರಕ್ಕೆ ಕರೆತಂದ. ಯಾರೂ ಇಲ್ಲದ ಅಜ್ಜಿಗೂ ಹಿತ್ತಲ ತುದಿಯಲ್ಲಿ ಗುಡಿಸಲು ಹಾಕಿಕೊಳ್ಳಲು ಜಾಗ ಬಿಟ್ಟ.

ಮರುವರ್ಷವೇ ಅವನು ನನ್ನ ಮದುವೆ ಗೊತ್ತುಮಾಡಿದ. ಗಂಡು ಕೋಣಂದೂರಿನ ಕಡೆಯವನು, ವಯಸ್ಸಿನಲ್ಲಿ ನನಗಿಂತ ದುಪ್ಪಟ್ಟು. ನನಗೋ ಓದುವ ಹುಚ್ಚು. ಶಾಲೆಯ ಮೇಷ್ಟ್ರು ಮನೆಗೇ ಬಂದು, "ಮದುವೆಗೆ ಹೆಣ್ಣಿಗೆ ಹದಿನೈದು ತುಂಬಿರ್ಬೇಕು ಅಂತ ಕಾನೂನಿದೆ, ಈ ಹುಡುಗಿಗೆ ಇನ್ನೂ ತುಂಬಿಲ್ಲ. ಮದುವೆ ಮಾಡಿದ್ರೆ ನಾನು ಪೊಲೀಸ್ರಿಗೆ ಹೇಳ್ತೀನಿ" ಎಂದು ಪಟ್ಟು ಹಿಡಿದರು.

"ಹಳೇ ಶಾಲೆ ದಾಖಲೆಯೆಲ್ಲ ನೀರಲ್ಲಿ ಹೋಯ್ತು, ತುಂಬಿಲ್ಲ ಅಂತ ನಿಮಗ್ಯಾರು ಹೇಳಿದ್ರು? ಹೆರಿಗೆ ಮಾಡ್ಸಿದವ್ಳೇ ಹಿತ್ಲಲ್ಲಿದಾಳೆ, ಕೇಳಿ" ಎಂದ ದೊಡ್ಡಪ್ಪ.

ಹೊಸ ಊರಿನ ಪಂಚರು ಜಗುಲಿಯಲ್ಲಿ ಕೂತರು. ನಾನು ಬಾಗಿಲ ಸಂದಿಯಲ್ಲಿ ನಿಂತಿದ್ದೆ, ಒಳಗೊಳಗೇ ಖುಷಿ! ಅಜ್ಜಿ ಬಂದಳಲ್ಲ, ಇನ್ನು ಮದುವೆ ಮುರಿದ ಹಾಗೇ ಎಂದುಕೊಂಡೆ.

"ಈ ಹುಡುಗಿ ಹುಟ್ಟಿದ್ದು ಯಾವಾಗಮ್ಮ?" ಮೇಷ್ಟ್ರೇ ಕೇಳಿದರು.

ಅಜ್ಜಿ ಈ ಸಲ ಕಣ್ಣು ಮುಚ್ಚಲಿಲ್ಲ. ನೆಲ ನೋಡುತ್ತ, "ಬಿದಿರು ಹೂ ಬಿಟ್ಟ ವರ್ಷ" ಎಂದಳು.

ಬಿದಿರು! ನಮ್ಮ ಕಡೆ ಬರೀ ಬಿದಿರು ಎಂದರೆ ಹೆಬ್ಬಿದಿರೇ. ಪಂಚರು ಬೆರಳು ಮಡಚಿ ಹದಿನಾರು ಎಂದರು, ನನಗೆ ನಿಜಕ್ಕೂ ಹದಿಮೂರು. ಬಯಲುಸೀಮೆಯ ಮೇಷ್ಟ್ರಿಗೆ ಬಿದಿರಿನಲ್ಲಿ ಎರಡು ಜಾತಿ ಎಂದು ಏನು ಗೊತ್ತು, ಪಾಪ! ನಾನು ಕೂಗುವಷ್ಟರಲ್ಲಿ ದೊಡ್ಡಮ್ಮನ ಕೈ ನನ್ನ ಬಾಯಿ ಮುಚ್ಚಿತ್ತು. ಮೇಷ್ಟ್ರು ಚಪ್ಪಲಿ ಮೆಟ್ಟಿಕೊಂಡು ಹೊರಟುಹೋದರು.

ಮಾರನೆಯ ದಿನ ಗುಡಿಸಲಿಗೆ ಹೋಗಿ, "ಯಾಕಜ್ಜಿ ಹಂಗಂದೆ?" ಎಂದು ಕೇಳಿದೆ.

"ನಾ ಸುಳ್ಳು ಹೇಳ್ಲಿಲ್ಲ ಮಗಾ… ಕಿರುಬಿದಿರೂ ಬಿದಿರೇ ಅಲ್ವನೇ? ನಿನ್ ದೊಡ್ಡಪ್ಪ ಗುಡಿಸ್ಲು ಕಿತ್ರೆ ಈ ಮುದುಕಿ ಎಲ್ಲಿಗೆ ಹೋಗ್ಬೇಕು ಹೇಳು."

ನನ್ನ ಮೈಯೆಲ್ಲ ಉರಿಯಿತು. ನೇರವಾಗಿ ಸುಳ್ಳು ಹೇಳಿದ್ದರೆ ಹಾಳಾಗಿ ಹೋಗು ಎಂದು ಬೈದು ಮರೆಯುತ್ತಿದ್ದೆನೋ ಏನೋ. ಇವಳು ನಿಜವನ್ನೇ ಅರ್ಧ ನುಂಗಿ ನನ್ನ ಕುತ್ತಿಗೆ ಕೊಯ್ದಳು. ನನ್ನ ಓದು ಅಲ್ಲಿಗೆ ನಿಂತಿತು.

ಚೊಚ್ಚಲ ಹೆರಿಗೆಗೆ ದೊಡ್ಡಪ್ಪನ ಮನೆಗೇ ಬಂದೆ. ಅಜ್ಜಿ ಒಳಗೆ ಬಂದಾಗ ಗೋಡೆಯ ಕಡೆ ಮುಖ ತಿರುಗಿಸಿದೆ. ಮಗು ಅಡ್ಡ ನಿಂತಿತ್ತು, ನೋವು ತಡೆಯಲಾಗುತ್ತಿರಲಿಲ್ಲ. "ತಿಣುಕೇ, ತಿಣುಕು! ಹದಿನೇಳರ ಹೆಣ್ಣು, ಎಂತ ನಾಟಕ ಇದು" ಎಂದು ದೊಡ್ಡಮ್ಮ ಗದರಿದಳು.

ಆಗ ಅಜ್ಜಿ ಅವಳ ಮೇಲೆ ಹರಿಹಾಯ್ದಳು. "ಹದಿನೇಳಲ್ರೇ ಇದಕ್ಕೆ! ಕಿರುಬಿದಿರಿನ ವರ್ಷದ್ದು… ಇನ್ನೂ ಎಳೇ ಮೈ, ಜೀವ ಹಿಂಡ್ಬ್ಯಾಡಿ!"

ಮಗು ಉಳಿಯಲಿಲ್ಲ. ಗಂಡು ಮಗು. ಅಜ್ಜಿ ಅದನ್ನು ಬಟ್ಟೆಯಲ್ಲಿ ಸುತ್ತಿಕೊಂಡು ಬಿಕ್ಕಿ ಬಿಕ್ಕಿ ಅತ್ತಳು. ನನಗೆ ಅಳು ಬರಲಿಲ್ಲ. ಆಮೇಲೆ ಹುಟ್ಟಿದ ಮಕ್ಕಳಿಗೆಲ್ಲ ತೀರ್ಥಹಳ್ಳಿಯ ಆಸ್ಪತ್ರೆಗೆ ಹೋದೆ. ಅವಳ ಕೈ ಮತ್ತೆ ನನ್ನ ಮೈ ಮುಟ್ಟಲು ಬಿಡಲಿಲ್ಲ.

ಅಜ್ಜಿ ತೀರಿಕೊಂಡು ಎಷ್ಟೋ ಕಾಲವಾಯಿತು. ನನ್ನ ಆಧಾರ್ ಕಾರ್ಡಿನಲ್ಲಿ ಇಂದಿಗೂ ಪಂಚರು ಬೆರಳು ಮಡಚಿ ಎಣಿಸಿದ ವಯಸ್ಸೇ ಇದೆ. ತಿದ್ದಿಸೋಣ ಎನ್ನುತ್ತಾನೆ ಮಗ. ಯಾರನ್ನು ಸಾಕ್ಷಿಗೆ ಕರೆಯಲಿ? ಗೊತ್ತಿದ್ದವಳು ಒಬ್ಬಳೇ, ಅವಳೂ ನಿಜ ಹೇಳಿದ್ದು ಬಾಗಿಲು ಮುಚ್ಚಿದ ಕೋಣೆಯಲ್ಲಿ, ಎಲ್ಲ ಮುಗಿಯುತ್ತಿದ್ದಾಗ… ಸತ್ತವರ ಮೇಲೆ ಸಿಟ್ಟು ಇಟ್ಟುಕೊಳ್ಳಬಾರದಂತೆ. ದೊಡ್ಡಪ್ಪನ ಮೇಲಿನ ಸಿಟ್ಟು ಎಂದೋ ಇಳಿದುಹೋಯಿತು. ಇವಳ ಮೇಲಿನದು ಇಳಿಯುವುದಿಲ್ಲ. ದೊಡ್ಡಪ್ಪನನ್ನು ನಾನು ಅವ್ವ ಎಂದುಕೊಂಡಿರಲಿಲ್ಲವಲ್ಲ.