ವರ್ಲಿನ್ ಶ್ರಾಗ್ ಒಪ್ಪಿಕೊಂಡ ತಪ್ಪು

ಡ್ವೈಟ್ ಟಾಲಿವರ್‌ನನ್ನು ಕಂಡರೆ ನನಗಾಗದು. ಮೊದಲೇ ಹೇಳಿಬಿಡುತ್ತೇನೆ, ಆಮೇಲೆ ಪಕ್ಷಪಾತಿ ಅನ್ನಬೇಡಿ.

ಕಾನ್ಸಾಸ್‌ನ ಗೋಧಿ ಹೊಲಗಳ ನಡುವಿನ ನಮ್ಮ ಸಣ್ಣ ಕಾಲೇಜಿನಲ್ಲಿ ವರ್ಲಿನ್ ಶ್ರಾಗ್ ಇಪ್ಪತ್ತೆರಡು ವರ್ಷ ಅಮೆರಿಕನ್ ಫುಟ್‌ಬಾಲ್ ತಂಡದ ಸಹಾಯಕ ಕೋಚ್. ಎದುರಾಳಿಯನ್ನು ತಡೆಯುವ ಹುಡುಗರನ್ನೆಲ್ಲ ತಿದ್ದಿದವರು ಅವರೇ. ಮುಖ್ಯ ಕೋಚ್‌ಗಳು ಐದು ಜನ ಬಂದರು, ಹೋದರು. ಆರನೆಯವನು ಟಾಲಿವರ್. ನಾನು ಲೈಲ್, ಹೆಲ್ಮೆಟ್, ಪ್ಯಾಡು, ಕೋಚ್‌ಗಳ ಹೆಡ್‌ಸೆಟ್ ನೋಡಿಕೊಳ್ಳುವವನು. ಪಂದ್ಯದ ವೇಳೆ ಕೋಚ್‌ಗಳು ಮಾತಾಡಿಕೊಳ್ಳುವುದು ಅದರಲ್ಲೇ. ಯಾರದಾದರೂ ಕೆಟ್ಟರೆ ಕೊಡಲೆಂದು ಒಂದು ಹೆಡ್‌ಸೆಟ್ ಸದಾ ನನ್ನ ಕಿವಿಯಲ್ಲೇ ಇರುತ್ತದೆ.

ಆಗಸ್ಟ್‌ನಲ್ಲಿ ಟಾಲಿವರ್ ಬಿಳಿ ಹಲಗೆಯ ಮೇಲೆ ಒಬ್ಬೊಬ್ಬರ ಹೆಸರು, ಕೆಲಸ ಬರೆದ.

"ವರ್ಲಿನ್, ತಡೆಯೋ ಪಡೆ ಪೂರ್ತಿ ನಿಮ್ದು. ಕೊನೇ ಮಾತೂ ನಿಮ್ದೇ. ನಾನು ಮೂಗು ತೂರ್ಸಲ್ಲ."

ಹಲಗೆಯ ಶಾಯಿ ಒಣಗುವ ಮುಂಚೆಯೇ ತೂರಿಸಿದ. ತಾನು ಮಾಡಿದ್ದು ಉತ್ತಮ, ಆಳು ಮಾಡಿದ್ದು ಹಾಳು ಎನ್ನುವ ಪೈಕಿ ಅವನು. ಗೆದ್ದ ವಾರ ಪತ್ರಿಕೆಯಲ್ಲಿ ಅವನ ಹಲ್ಲು ಕಾಣುತ್ತಿತ್ತು, ಸೋತ ವಾರ ವರ್ಲಿನ್ ಹೆಸರು. ಕೊನೆಯ ಪಂದ್ಯವೂ ಸೋತರೆ ಒಬ್ಬರ ಕೆಲಸ ಹೋಗುತ್ತದೆಂದು ಕಾಲೇಜಿನವರು ಎಚ್ಚರಿಸಿದ್ದರು.

ಆ ಪಂದ್ಯದಲ್ಲಿ ನಾವು ನಾಲ್ಕು ಪಾಯಿಂಟ್ ಮುಂದಿದ್ದೆವು. ಉಳಿದಿದ್ದು ಹನ್ನೊಂದು ಸೆಕೆಂಡು, ಚೆಂಡು ಎದುರಾಳಿಗಳ ಕೈಯಲ್ಲಿ.

"ಹುಡುಗ್ರು ಹಿಂದೇನೇ ನಿಲ್ಲಲಿ," ಎಂದರು ವರ್ಲಿನ್.

"ಬೇಡ, ಎಲ್ಲಾರ್‍ನೂ ಮುಂದೆ ನುಗ್ಸು!" ಟಾಲಿವರ್ ಕಿರುಚಿದ.

"ಕೋಚ್, ಹಿಂದೆ ಬಯಲಾಗೋಗುತ್ತೆ."

"ಹೇಳಿದ್ದು ಮಾಡಯ್ಯ! ಇಲ್ಲಿ ಕೋಚ್ ಯಾರು?"

ನುಗ್ಗಿಸಿದರು. ಎದುರಾಳಿ ಎಸೆದ ಚೆಂಡು ನಮ್ಮ ಹುಡುಗರ ತಲೆಯ ಮೇಲೆ ಹಾರಿ ಅವರವನ ಕೈ ಸೇರಿತು. ಹಿಂದೆ ತಡೆಯಲು ಒಬ್ಬನೂ ಇರಲಿಲ್ಲ. ಸೋತೆವು.

ಸೋಮವಾರ ಮಧ್ಯಾಹ್ನ ಚರ್ಚಿನ ನೆಲಮಾಳಿಗೆಯಲ್ಲಿ ತಂಡದ ಅಭಿಮಾನಿಗಳ ಊಟ. ಎಂದಿನಂತೆ ಮಾಂಸ, ಬೀನ್ಸ್ ಹಾಕಿದ ಚಿಲಿ ಸಾರು, ದಾಲ್ಚಿನ್ನಿಯ ಸಿಹಿ ರೋಲು. ಕಾಲೇಜಿನ ಅಧ್ಯಕ್ಷರೂ ಬಂದಿದ್ದರು. ಟಾಲಿವರ್ ಎದ್ದು ನಿಂತು ಗಂಟಲು ಸರಿಮಾಡಿಕೊಂಡ.

"ತಡೆಯೋ ಪಡೆ ವರ್ಲಿನ್ ಅವ್ರ ಜವಾಬ್ದಾರಿ. ಆ ಆಟ ಯಾಕ್ ಹಂಗಾಯ್ತು ಅಂತ ಅವ್ರೇ ಹೇಳ್ಲಿ."

ನನ್ನ ಮೈ ಉರಿದುಹೋಯಿತು. ವರ್ಲಿನ್ ಚಮಚ ಕೆಳಗಿಟ್ಟು ಎದ್ದರು.

"ತಪ್ಪು ನಂದೇ. ಕೊನೇ ಮಾತು ನಂದು ಅಂತ ಹಲಗೆ ಮೇಲೆ ಬರ್ದಿತ್ತು. ಆದ್ರೂ ಆವತ್ತು ಇವ್ರ ಮಾತು ಕೇಳ್ಬಿಟ್ಟೆ. ಕೇಳ್ಬಾರ್ದಾಗಿತ್ತು."

ಟಾಲಿವರ್ ಮುಖ ಬೀಟ್‌ರೂಟಿನಂತಾಯಿತು. "ಸುಳ್ಳು! ನಾನೇನೂ ಹೇಳೇ ಇಲ್ಲ. ಯಾರಾದ್ರೂ ಕೇಳಿಸ್ಕೊಂಡಿದ್ರೆ ಹೇಳ್ಲಿ ನೋಡೋಣ!"

ಪಂದ್ಯದ ದಿನ ಹೆಡ್‌ಸೆಟ್ ಹಾಕಿದ್ದ ಉಳಿದ ಇಬ್ಬರು ಸಹಾಯಕರು ತಟ್ಟೆ ನೋಡಿದರು. ವರ್ಲಿನ್ ನನ್ನ ಕಡೆ ತಿರುಗಿದರು. ನನ್ನ ಬಾಯಲ್ಲಿ ರೋಲು ಇತ್ತು. ನನ್ನ ಹೆಸರೂ ಆ ಹಲಗೆಯ ಮೇಲೇ ಇತ್ತು, ಕೊನೆಯ ಸಾಲಿನಲ್ಲಿ. ಅದನ್ನು ಒರೆಸಲು ಟಾಲಿವರ್‌ಗೆ ಒಂದು ಬೆರಳು ಸಾಕು. ನಾನು ಅಗಿಯುತ್ತಲೇ ಕುಳಿತೆ.

ಮರುದಿನ, ಕೆಲಸ ಹೋದ ವರ್ಲಿನ್ ತಮ್ಮ ಸಾಮಾನು ಒಪ್ಪಿಸಲು ನನ್ನ ಕೋಣೆಗೆ ಬಂದರು. ಸೀಟಿ, ಬೀಗದ ಕೈ, ಜಾಕೆಟ್. ಕೊನೆಗೆ ಹೆಡ್‌ಸೆಟ್. ನಾನು ರೂಢಿಯಂತೆ ಅದನ್ನು ಕಿವಿಗಿಟ್ಟು ಪರೀಕ್ಷಿಸಲು ಹೋದೆ.

"ಕೆಟ್ಟಿಲ್ಲ ಬಿಡು ಲೈಲ್," ಎಂದರು. "ಎಲ್ಲಾ ಚೆನ್ನಾಗೇ ಕೇಳ್ಸುತ್ತೆ. ನಿಂಗೊತ್ತಲ್ಲ."